ಮಹಡಿಯ ಬಿಸಿಲು ಯಾರಿಗೆ?

ನಮ್ಮ ಮಹಡಿಯ ಕೋಣೆಯಲ್ಲಿ ಒಂದು ಮಂಚ, ಒಂದು ಕನ್ನಡಿ, ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು ಇವೆ. ಇಷ್ಟಿದ್ದರೆ ಕೋಣೆಯನ್ನು ‘ಸೆಮಿ ಫರ್ನಿಶ್ಡ್’ ಎನ್ನಬಹುದೆಂದು ತಿಳಿದದ್ದು, ಅದನ್ನು ಆನ್‌ಲೈನಿನಲ್ಲಿ ಬಾಡಿಗೆಗೆ ಹಾಕಲು ಫೋನು ಹಿಡಿದು ಕೂತ ದಿನ. ಅಂದಿನಿಂದ ಆ ಬೀರುವಿನ ಮೇಲೆ ನನಗೆ ಗೌರವ ಹೆಚ್ಚಿದೆ.

ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿಗೆ ಹೆದರುವವಳಲ್ಲ. ಚಾಮರಾಜನಗರದಲ್ಲಿ ಯಾರೂ ಕಾಣದ ಹೂವುಗಳ ಹೆಸರನ್ನೆಲ್ಲ ಸಿಸ್ಟರುಗಳು ಬಾಯಿಪಾಠ ಮಾಡಿಸಿದ್ದರು. ಡೆಪಾಸಿಟ್ ಎಂದರೆ ಮನೆ ಬಿಡುವಾಗ ಹಿಂದಿರುಗಿಸುವಂಥದ್ದು, ಅಡ್ವಾನ್ಸ್ ಎಂದರೆ ಬಾಡಿಗೆಗೆ ಸಂದುಹೋಗುವಂಥದ್ದು ಎಂದು ಮಾತ್ರ ಹೇಳಿರಲಿಲ್ಲ. ‘ನೋಟಿಸ್ ಅವಧಿ’ ಎಂದರೆ ಮನೆ ಬಿಡುವ ಮುಂಚೆ ತಿಳಿಸಬೇಕಾದ ಕಾಲವಂತೆ. ಬರುವ ಮುಂಚೆ ತಿಳಿಸಬೇಕೆಂದು ನೆಂಟರಿಗೂ ಒಂದು ನಿಯಮವಿದ್ದಿದ್ದರೆ ಎಂದು ಒಂದು ಕ್ಷಣ ಆಸೆಯಾಯಿತು.

ಕೊನೆಗೆ ತಾರಸಿಯ ಪ್ರಶ್ನೆ. ಶೇರ್ಡ್, ಅಂದರೆ ಇತರರೂ ಬಳಸುವುದೋ? ಎಕ್ಸ್‌ಕ್ಲೂಸಿವ್, ಅಂದರೆ ಬಾಡಿಗೆದಾರರಿಗಷ್ಟೇ ಮೀಸಲೋ? ನಮ್ಮ ಮನೆಯವರು ತಾರಸಿ ಹತ್ತುವುದು ನೀರಿನ ಟ್ಯಾಂಕು ತುಂಬಿ ಹರಿದಾಗ ಮಾತ್ರ. ಧೈರ್ಯವಾಗಿ ಎಕ್ಸ್‌ಕ್ಲೂಸಿವ್ ಒತ್ತಿದೆ. ಈ ಪದಗಳ ಗುಣವೇ ಹಾಗೆ: ಓದುವಾಗ ಗೋಡೆ, ಬಾಗಿಲುಗಳ ಬಗ್ಗೆ ಅನ್ನಿಸುತ್ತವೆ, ಒತ್ತಿದ ಮೇಲೆ ಮನುಷ್ಯರ ಬಗ್ಗೆ ಎಂದು ತಿಳಿಯುತ್ತದೆ.

ನಾನು ಮರೆತದ್ದು ಪಕ್ಕದ ಮನೆಯ ಪುಟ್ಟತಾಯಮ್ಮನನ್ನು. ಅವರ ಅಂಗಳವನ್ನೆಲ್ಲ ಬೇವಿನ ಮರದ ನೆರಳು ತಿಂದುಹಾಕಿದೆ. ಹರದನಹಳ್ಳಿಯ ಹೊಲದಿಂದ ಬರುವ ಅವರ ಅರಿಶಿನ, ನಾನು ಮದುವೆಯಾಗಿ ಬರುವ ಮೊದಲಿನಿಂದಲೂ, ಬೆಂದ ಮೇಲೆ ಒಣಗುವುದು ನಮ್ಮ ತಾರಸಿಯಲ್ಲೇ. ಇದಕ್ಕೆ ಯಾರೂ ಯಾರನ್ನೂ ಕೇಳಿದ್ದಿಲ್ಲ.

ಗುಂಡ್ಲುಪೇಟೆಯ ಶೈಲಜಾ ಎಂಬುವರು, ಇಲ್ಲಿಯ ಶಾಲೆಗೆ ಹೊಸದಾಗಿ ಬಂದ ಟೀಚರ್, ಮನೆ ನೋಡಲು ಬಂದರು. ಕೋಣೆ ಒಪ್ಪಿಗೆಯಾಯಿತು. ತಾರಸಿಯ ಬಾಗಿಲು ತೆರೆದರೆ ಹಾಸಿದ ಜಮಖಾನದಂತೆ ಅರಿಶಿನ, ನಡುವೆ ಪುಟ್ಟತಾಯಮ್ಮ.

“ತುಳುದ್ಬುಟ್ಟೀಯೆ ಕಣವ್ವ! ಚಪ್ಲಿ ಅಲ್ಲೇ ಬುಡು!”

ಟೀಚರ್ ನನ್ನತ್ತ ತಿರುಗಿದರು. “ಮೇಡಂ, ಎಕ್ಸ್‌ಕ್ಲೂಸಿವ್ ಅಂತ ಹಾಕಿದ್ರಲ್ಲ?”

ಪುಟ್ಟತಾಯಮ್ಮನಿಗೆ ಆ ಪದ ಗೊತ್ತಿಲ್ಲ. ಮುಖ ಓದುವುದು ಗೊತ್ತು. “ಬಾಡ್ಗೆಗೆ ಕೊಟ್ಬುಟ್ಯಾ? ಒಂದ್ ಮಾತು ಯೋಳ್ಬಾರ್ದಾ? ಓಗ್ಲಿ ಬುಡು, ಎತ್ಕತೀನಿ,” ಎಂದು ಗೋಣಿಚೀಲ ಕೊಡವಿದರು. ಅರ್ಧ ಒಣಗಿದ ಅರಿಶಿನ ಚೀಲ ಸೇರಿದರೆ ಬೂಷ್ಟು ಹಿಡಿದು ವರ್ಷದ ಬೆಳೆಯೇ ಹಾಳು.

ಚೀಲವನ್ನು ಅವರ ಕೈಯಿಂದ ತೆಗೆದುಕೊಂಡೆ. “ನಾನೇ ತಪ್ಪಾಗಿ ಹಾಕಿದ್ದೀನಿ ಟೀಚರ್. ಕೋಣೆ ನಿಮ್ದು, ತಾರಸಿ ಶೇರ್ಡ್. ಆಗಲ್ಲ ಅಂದ್ರೆ ಬೇಜಾರಿಲ್ಲ, ಬೇರೆ ಮನೆ ನೋಡ್ಕೊಳ್ಳಿ.” ನನ್ನ ದನಿ ಅಷ್ಟು ಗಟ್ಟಿಯಿದೆಯೆಂದು ನನಗೇ ಗೊತ್ತಿರಲಿಲ್ಲ.

ಟೀಚರ್ ತಮ್ಮ ಬಿಳಿ ದುಪಟ್ಟಾ ನೋಡಿಕೊಂಡರು. “ನನ್ನ ಬಟ್ಟೆ ಎಲ್ಲಾ ಹಳದಿ ಆಗುತ್ತಲ್ಲ?”

“ಮದ್ವೆ ಕಳೆ ಬತ್ತದೆ ಬುಡವ್ವ!” ಎಂದರು ಪುಟ್ಟತಾಯಮ್ಮ.

ನಗು ತಡೆಯಲು ಟೀಚರಿಗೂ ಆಗಲಿಲ್ಲ. ಬಟ್ಟೆಯ ತಂತಿಯನ್ನು ಟ್ಯಾಂಕಿನ ಆಚೆಗೆ ಕಟ್ಟುವುದೆಂದು ಮಾತಾಯಿತು. ಜಾಹೀರಾತು ತೆಗೆದುಹಾಕುವ ಮುನ್ನ ಅದರಲ್ಲಿ ಶೇರ್ಡ್ ಎಂದು ತಿದ್ದಿದೆ. ಕಾನ್ವೆಂಟಿನ ಅಭ್ಯಾಸ, ತಪ್ಪು ಉತ್ತರ ಬಿಟ್ಟು ಎದ್ದುಬರಲಾಗುವುದಿಲ್ಲ.

ಮೊನ್ನೆ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಹನಿಯಿತು. ಏದುಸಿರು ಬಿಡುತ್ತ ಮೇಲೆ ಓಡಿದರೆ, ಟೀಚರ್ ಆಗಲೇ ಅರಿಶಿನವನ್ನು ಗುಡ್ಡೆ ಮಾಡಿ ಟಾರ್ಪಾಲು ಎಳೆಯುತ್ತಿದ್ದರು, ಮೊಣಕೈವರೆಗೂ ಹಳದಿ. ಅವರ ಬಟ್ಟೆಗಳು ತಂತಿಯ ಮೇಲೆ ನೆನೆಯುತ್ತಿದ್ದವು. ಅವನ್ನು ನಾನು ಎತ್ತಿಕೊಂಡೆ. ಬಿಳಿ ದುಪಟ್ಟಾದ ತುದಿಗೆ ಆಗಲೇ ಒಂಚೂರು ಹಳದಿ ಹತ್ತಿತ್ತು. ಆ ತುದಿಯನ್ನು ಒಳಕ್ಕೆ ಮಡಚಿ, ಮಿಕ್ಕ ಬಟ್ಟೆಗಳ ಅಡಿಗಿಟ್ಟೆ.