ಈಶಾನ್ಯಕ್ಕೆ ಇಳಿಜಾರು, ಉಪಗ್ರಹದ ಸಾಕ್ಷಿ

ಕಳೆದ ಭಾನುವಾರ ಬೆಳಿಗ್ಗೆ ನಾನು ಹಾವೇರಿಯ ಹೊರಗೆ, ಕರ್ಜಗಿ ರಸ್ತೆಯ ಪಕ್ಕದ ಒಂದು ಖಾಲಿ ಸೈಟಿನ ಮೂಲೆಯಲ್ಲಿ, ಬಲಗೈಯನ್ನು ಆಕಾಶಕ್ಕೆ ಎತ್ತಿ ಅಲ್ಲಾಡದೆ ನಿಂತಿದ್ದೆ. ದಾರಿಯಲ್ಲಿ ಹೊರಟಿದ್ದ ಬೈಕಿನವರೊಬ್ಬರು ಗಾಡಿ ನಿಲ್ಲಿಸಿ, ‘ರೇಂಜ್ ಸಿಗವಲ್ದೇನ್ರಿ?’ ಎಂದು ಕೇಳಿದರು. ಇಲ್ಲ, ಉಪಗ್ರಹ ಹಿಡಿಯುತ್ತಿದ್ದೇನೆ ಎಂದೆ. ಅವರು ಮತ್ತೇನೂ ಕೇಳದೆ ಗೇರ್ ಹಾಕಿದರು.

ನನ್ನ ಕೈಯಲ್ಲಿದ್ದದ್ದು ಜಿಪಿಎಸ್ ಯಂತ್ರ. ಮೊಬೈಲಿನೊಳಗೆ ಇರುವುದಲ್ಲ, ಅದಕ್ಕಾಗಿಯೇ ಹುಟ್ಟಿದ್ದು. ನೋಡಲಿಕ್ಕೆ ಹಳೆಯ ಕಾಲದ ಮೊಬೈಲಿಗೆ ಚೆನ್ನಾಗಿ ಊಟ ಹಾಕಿ ಬೆಳೆಸಿದಂತಿದೆ. ರಾಣೆಬೆನ್ನೂರಿನ ಗೆಳೆಯರೊಬ್ಬರು ಗಾಳಿಯಂತ್ರದ ಕಂಪನಿಯಲ್ಲಿ ಗುಡ್ಡ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು, ತಮಗೆ ಗುಡ್ಡ ಸಾಕಾಗಿವೆ, ಇನ್ನು ನೀನು ನೋಡು ಎಂದು ಕೊಟ್ಟುಬಿಟ್ಟರು.

ನಿಂತ ಜಾಗದಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲೆ ಪುಟ್ಟ ಬಾವುಟವೊಂದು ಏಳುತ್ತದೆ. ಅದಕ್ಕೆ ವೇಪಾಯಿಂಟ್ ಎನ್ನುತ್ತಾರೆ. ಮನೆಗೆ ಬಂದು ವೈರು ಚುಚ್ಚಿದರೆ ಆ ಬಾವುಟಗಳೆಲ್ಲ ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಹೋಗಿ ಕೂರುತ್ತವೆ. ಅದು ನೆಲದ ಏರು ತಗ್ಗುಗಳನ್ನು ಗೆರೆ ಎಳೆದು ತೋರಿಸುವ ನಕ್ಷೆ. ಒಂದು ಗೆರೆಯ ಉದ್ದಕ್ಕೂ ನಡೆದರೆ ನೀವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. (ನನ್ನ ನೌಕರಿಯ ಇಡೀ ಅವಧಿ ಇಂಥದೇ ಒಂದು ಗೆರೆಯ ಮೇಲೆ ಕಳೆಯಿತು.)

ಇಂಥ ಯಂತ್ರ ಕೈಗೆ ಬಂದರೆ ಮನುಷ್ಯ ಏನು ಮಾಡುತ್ತಾನೆ? ಕಂಡದ್ದನ್ನೆಲ್ಲ ಅಳೆಯುತ್ತಾನೆ. ಅಗಡಿಯ ಬಸ್ ನಿಲ್ದಾಣ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ತಿಳಿಸಿದೆ. ಯಾರೂ ಕೇಳಿರಲಿಲ್ಲ.

ಈ ಕೀರ್ತಿ ಬ್ಯಾಡಗಿಯಲ್ಲಿರುವ ನನ್ನ ಅಕ್ಕನಿಗೂ ಮುಟ್ಟಿತು.

ಅಕ್ಕ ಮತ್ತು ಭಾವ ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದಾರೆ. ಈಗಿನ ಮನೆ ಮೆಣಸಿನಕಾಯಿ ಯಾರ್ಡಿಗೆ ಹತ್ತಿರ. ಸೀಸನ್ನಿನಲ್ಲಿ ಅಲ್ಲಿ ಮಾತಿಗಿಂತ ಸೀನು ಜಾಸ್ತಿ. ಸ್ವಂತ ಮನೆ ಆಗದಿರಲು ಹಣ ಕಾರಣವಲ್ಲ, ಭಾವ ಕಾರಣ. ನಿವೃತ್ತ ಹೈಸ್ಕೂಲ್ ಮಾಸ್ತರರು, ಬಹಳ ಸಜ್ಜನರು, ಆದರೆ ವಾಸ್ತು ಎಂದರೆ ಪ್ರಾಣ. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ದಿಕ್ಸೂಚಿ ಇರುತ್ತದೆ. ರಾಣೆಬೆನ್ನೂರಿನಲ್ಲಿ ನೋಡಿದ ಸೈಟಿಗೆ ದಕ್ಷಿಣಕ್ಕೆ ರಸ್ತೆ, ಬೇಡ. ಬ್ಯಾಡಗಿ ಸ್ಟೇಷನ್ ಹತ್ತಿರದ್ದಕ್ಕೆ ಒಂದು ಮೂಲೆ ಕತ್ತರಿಸಿದೆ, ಬೇಡ. ಇನ್ನೊಂದರ ಎದುರಿಗೇ ಕೋಲ್ಡ್ ಸ್ಟೋರೇಜ್, ಲಕ್ಷ್ಮಿಗೆ ಥಂಡಿಯಾಗುತ್ತದಂತೆ. (ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.)

ಹಾವೇರಿಯ ಈ ಸೈಟು ಮಾತ್ರ ಎಲ್ಲ ವಿಷಯಗಳಲ್ಲೂ ಪಾಸಾಗಿ ಕೊನೆಯ ಪರೀಕ್ಷೆಗೆ ಬಂದು ನಿಂತಿತ್ತು. ನೆಲ ನೈರುತ್ಯದಲ್ಲಿ ಎತ್ತರ, ಈಶಾನ್ಯದಲ್ಲಿ ತಗ್ಗು ಇರಬೇಕು. ಕಣ್ಣಿಗೆ ಅದು ರೊಟ್ಟಿಯಷ್ಟೇ ಸಮ. ಮಾಲೀಕರೋ, ಸೋಮವಾರದವರೆಗೆ ಮಾತ್ರ ಕಾಯುತ್ತೇನೆ, ಬೇರೆಯವರು ಸಾಲಿನಲ್ಲಿದ್ದಾರೆ ಎಂದಿದ್ದರು.

‘ತಮ್ಮಾ, ನಿನ್ನ ಮಷೀನ್ ತಗೊಂಡು ಬಾ,’ ಅಕ್ಕ ಫೋನಿನಲ್ಲಿ ಹೇಳಿದಳು. ‘ಇದೂ ಹೋತಂದ್ರ ನಾ ಇನ್ನ ಸೈಟ್ ನೋಡಾಕ ಬರಾಂಗಿಲ್ಲ.’

ಹೀಗೆ ನಾನು ನೈರುತ್ಯದ ಮೂಲೆಯಲ್ಲಿ ಕೈ ಎತ್ತಿ ನಿಂತದ್ದು. ಪುರೋಹಿತನ ಗಾಂಭೀರ್ಯದಿಂದ ಗುಂಡಿ ಒತ್ತಿದೆ. ಈಶಾನ್ಯಕ್ಕೆ ನಡೆದು ಮತ್ತೊಮ್ಮೆ ಒತ್ತಿದೆ. ಈಶಾನ್ಯ ಮೂರು ಮೀಟರ್ ತಗ್ಗು. ಅಕ್ಕನ ಮುಖ ಅರಳಿತು.

ಭಾವ ಮಾಸ್ತರರಲ್ಲವೇ? ತಾಳೆ ನೋಡದೆ ಬಿಡುವವರಲ್ಲ. ಥರ್ಮಾಸಿನ ಚಹಾ ಕುಡಿದು ಇನ್ನೊಮ್ಮೆ ಅಳೆಯಲು ಹೇಳಿದರು. ಅಳೆದೆ. ಈಗ ಈಶಾನ್ಯವೇ ಎರಡು ಮೀಟರ್ ಎತ್ತರ.

‘ನಾವು ಚಹಾ ಕುಡಿಯೂದ್ರಾಗ ಭೂಮಿ ಹೊಳ್ಳಿತೇನಪಾ?’ ಭಾವ ಬಹಳ ಶಾಂತವಾಗಿ ಕೇಳಿದರು.

ವಿವರಿಸಲು ಪ್ರಯತ್ನಿಸಿದೆ. ಈ ಯಂತ್ರ ಜಾಗ ಹೇಳುವುದರಲ್ಲಿ ಸತ್ಯವಂತ, ಎತ್ತರದ ವಿಷಯದಲ್ಲಿ ಚಂಚಲ. ಗುಡ್ಡ ಅಳೆಯುವ ಯಂತ್ರಕ್ಕೆ ಮೂವತ್ತು-ನಲವತ್ತರ ಸೈಟಿನಲ್ಲಿ ಇಳಿಜಾರು ಹುಡುಕು ಎಂದರೆ, ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟಂತೆ. ಭಾವ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಒಂದು ನಿರಾಳ ಇತ್ತು ಎಂದು ನನ್ನ ಅನುಮಾನ. ಅವರಿಗೆ ನಿಜಕ್ಕೂ ಬೇಕಾಗಿದ್ದದ್ದು ಇಳಿಜಾರೇ? ಅಥವಾ ಇನ್ನೊಂದು ವರ್ಷ ಮುಂದೂಡಲು ಒಂದು ಮೂಲೆಯ ನೆಪವೇ? ನಾನೂ ನನ್ನ ಹಳೆಯ ಟಿವಿ ಬದಲಿಸಲು ರಿವ್ಯೂ ಓದುತ್ತಲೇ ಇದ್ದೇನೆ. ಟಿವಿ ಇನ್ನೂ ಅದೇ.

ಮಧ್ಯಾಹ್ನ ಊಟವಾದ ಮೇಲೆ ಬ್ಯಾಡಗಿಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ನಕ್ಷೆಯ ಒಂದು ಗೆರೆ ಸೈಟಿನಿಂದ ದಕ್ಷಿಣಕ್ಕೆ ಬಹುದೂರ, ಇನ್ನೊಂದು ಉತ್ತರಕ್ಕೆ ಬಹುದೂರ. ನಡುವೆ ನಮ್ಮ ಸೈಟು, ಯಾವ ಪಕ್ಷಕ್ಕೂ ಸೇರದ ಮತದಾರನಂತೆ. ಒಟ್ಟಾರೆ ಅಲ್ಲಿಯ ನೆಲವೆಲ್ಲ ವರದಾ ನದಿಯ ಕಡೆಗೆ, ಅಂದರೆ ಉತ್ತರಕ್ಕೆ, ವಾಲಿದೆ ಎಂದೆ.

‘ಉತ್ತರ ಬ್ಯಾರೆ, ಈಶಾನ್ಯ ಬ್ಯಾರೆ,’ ಎಂದರು ಭಾವ.

ಆಗ ನಾನೊಂದು ಪಾಪ ಮಾಡಿದೆ. ಈ ಸಾಫ್ಟ್‌ವೇರಿನಲ್ಲಿ ನೆಲವನ್ನು ಎಬ್ಬಿಸಿ ನಿಲ್ಲಿಸಿ ನೋಡಬಹುದು. ಇಳಿಜಾರು ಕಣ್ಣಿಗೆ ಕಾಣದಿದ್ದರೆ ಉಬ್ಬಿಸಿ ತೋರಿಸಲು ಒಂದು ಗುಂಡಿಯೂ ಇದೆ. ಅದನ್ನು ಎಳೆದಷ್ಟೂ ದಿಬ್ಬ ಗುಡ್ಡವಾಗುತ್ತದೆ, ಗುಡ್ಡ ಹಿಮಾಲಯವಾಗುತ್ತದೆ. (ಸತ್ಯವನ್ನು ಉಬ್ಬಿಸಲಿಕ್ಕೇ ಒಂದು ಗುಂಡಿ! ನಾವು ಅಂಕಣಕಾರರು ಇಷ್ಟು ದಿನ ಇದನ್ನು ಕೈಯಾರೆ ಮಾಡುತ್ತಿದ್ದೆವು.) ಕೊನೆಯವರೆಗೂ ಎಳೆದೆ. ನಕ್ಷೆಯನ್ನು ತುಸು ತಿರುಗಿಸಿದ್ದೂ ನಿಜ. ಅಕ್ಕನ ಸೈಟು ನೈರುತ್ಯದಲ್ಲಿ ಮುಗಿಲು ಮುಟ್ಟಿ, ಈಶಾನ್ಯಕ್ಕೆ ಜಾರುಬಂಡಿಯಂತೆ ಇಳಿಯಿತು.

ಭಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಇಳಿಜಾರ ಏನೋ ಬರೋಬ್ಬರಿ ಐತಿ. ಆದರ ಇಷ್ಟ ಏರು ಇದ್ರ ನಿಮ್ಮ ಅಕ್ಕನ ಮೊಣಕಾಲಿನ ಗತಿ ಏನು? ಬ್ಯಾಡ ಬಿಡಪಾ.’

ಗುಂಡಿಯನ್ನು ಹಿಂದಕ್ಕೆ ಎಳೆದರೆ ಸುಳ್ಳು ಬಯಲು. ಅಲ್ಲೇ ಬಿಟ್ಟರೆ ಮೊಣಕಾಲು. ಸೈಟು ಹೋಯಿತು ಎಂದುಕೊಂಡೆ.

ಅಕ್ಕ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಈಗ ಬಂದು ಎದುರಿಗೆ ಕುಳಿತಳು. ಈ ಬಾಡಿಗೆ ಮನೆಯನ್ನೂ ಅದರಲ್ಲಿ ತೋರಿಸು ಎಂದಳು. ತೋರಿಸಿದೆ. ಇದರ ಇಳಿಜಾರು ಎತ್ತ ಇದೆ ಎಂದು ಕೇಳಿದಳು. ಅದಕ್ಕೆ ಯಂತ್ರವೇ ಬೇಕಿರಲಿಲ್ಲ. ಬಚ್ಚಲ ನೀರು ನೈರುತ್ಯದ ಮೂಲೆಗೆ ಇಳಿದು ಗಟಾರಕ್ಕೆ ಓಡುವುದು ಎಲ್ಲರಿಗೂ ಗೊತ್ತು. ನಕ್ಷೆಯೂ ತಕರಾರಿಲ್ಲದೆ ಒಪ್ಪಿತು. ಶಾಸ್ತ್ರದ ಪ್ರಕಾರ ಇದಕ್ಕಿಂತ ತಿರುವುಮುರುವಾದ ಮನೆ ಸಿಗುವುದು ಕಷ್ಟ. ಭಾವ ಇದನ್ನೆಂದೂ ಪರೀಕ್ಷಿಸಿರಲಿಲ್ಲ. ಬಾಡಿಗೆ ಮನೆಯ ವಾಸ್ತು ಮಾಲೀಕರ ತಲೆನೋವು ತಾನೇ?

‘ರೀ, ಈ ಮನ್ಯಾಗ ನನ್ನ ಕೂಡ ಇಷ್ಟ ವರ್ಷ ಇದ್ದೀರಿ,’ ಅಕ್ಕ ಮೆಲ್ಲಗೆ ಕೇಳಿದಳು. ‘ನಿಮಗ ಏನ್ ಕಡಿಮಿ ಆಗೇತಿ, ಹೇಳ್ರಿ.’

ಓದುಗರೇ, ಅದರಲ್ಲೂ ವಿವಾಹಿತ ಓದುಗರೇ, ಈ ಪ್ರಶ್ನೆಯ ಭೂಗೋಳವನ್ನು ದಯವಿಟ್ಟು ಗಮನಿಸಿ. ಕಡಿಮೆ ಏನೂ ಆಗಿಲ್ಲ ಎಂದರೆ ಇಳಿಜಾರಿಗೆ ಬೆಲೆಯಿಲ್ಲ, ಸೈಟು ಹಿಡಿಯಲೇಬೇಕು. ಆಗಿದೆ ಎಂದರೆ ಏನೆಂದು ಹೇಳಬೇಕು, ಅವಳ ಎದುರಿಗೆ, ಅವಳ ತಮ್ಮನ ಸಾಕ್ಷಿಯಲ್ಲಿ.

ಭಾವ ಪರದೆ ನೋಡಿದರು. ಗೋಡೆ ನೋಡಿದರು. ಒಂಟಿ ಸೀನು ಸೀನಿದರು. (ಸೀನು ಅಪಶಕುನ ಎಂಬ ಶಾಸ್ತ್ರ ಬ್ಯಾಡಗಿಯಲ್ಲಿ ನಡೆಯುವುದಿಲ್ಲ, ನಡೆದರೆ ಯಾರೂ ಹೊಸ್ತಿಲು ದಾಟುವಂತಿಲ್ಲ.)

‘ಏನೂ ಕಡಿಮಿ ಆಗಿಲ್ಲ,’ ಎಂದರು. ಈ ಸಲ ಮಾಸ್ತರರ ದನಿಯಲ್ಲ. ಆಮೇಲೆ ಫೋನ್ ಎತ್ತಿಕೊಂಡು ಸೈಟಿನ ಮಾಲೀಕರ ನಂಬರು ಹುಡುಕತೊಡಗಿದರು. ಅಕ್ಕ ಎದ್ದು ಒಳಗೆ ಹೋದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಂತೆ ಕಂಡಿತು. ಮೆಣಸಿನಕಾಯಿ ಘಾಟಿರಬೇಕು.

ನಿನ್ನೆ ಮತ್ತೆ ಭಾವನ ಫೋನ್. ಈಗ ಗೇಟಿನ ವಿಷಯ. ನನ್ನ ಯಂತ್ರದ ಪೂರ್ವಕ್ಕೂ ಅವರ ದಿಕ್ಸೂಚಿಯ ಪೂರ್ವಕ್ಕೂ ಎಳ್ಳಷ್ಟು ವ್ಯತ್ಯಾಸವಿದೆಯಂತೆ, ಈ ಭಾನುವಾರ ಬಂದು ಬಗೆಹರಿಸಬೇಕಂತೆ. ಅಕ್ಕ ಏನೆನ್ನುತ್ತಾಳೆ ಎಂದು ಕೇಳಿದೆ.

‘ಆಕಿ ಏನ್ ಅಂತಾಳಪಾ. ಮುಂಜಾನೆ ಬಸ್ಸಿಗೆ ಹೋಗಿ, ಗೇಟ್ ಎಲ್ಲಿ ಬೇಕೋ ಅಲ್ಲಿ ನೆಲಾ ಸಾರಿಸಿ ರಂಗೋಲಿ ಹಾಕಿ ಬಂದಾಳ.’

ಯಂತ್ರದ ಭಾಷೆಯಲ್ಲಿ ಇದಕ್ಕೇ ವೇಪಾಯಿಂಟ್ ಎನ್ನುತ್ತಾರೆ. ಅದನ್ನು ಅಳಿಸುವ ಗುಂಡಿ ಯಾರ ಹತ್ತಿರ ಇದೆ?