ಎಲೆಗೆ ಅಡ್ಡ ಹಿಡಿದ ಕೈ

ಟ್ರಿಪ್ಲಿಕೇನಿನ ಊಟದ ಹೋಟೆಲಿನಲ್ಲಿ ಬಡಿಸುವ ಕೆಲಸ ನನ್ನದು. ಮೊನ್ನೆ ನೀರು ಇಡುವಾಗ ನನ್ನ ಕೈ ಮೇಲೆ ಚರ್ಮ ಹೊಪ್ಪಳೆ ಎದ್ದದ್ದನ್ನು ಗಿರಾಕಿಯೊಬ್ಬರು ನೋಡಿದರು.

"ಸೋರಿಯಾಸಿಸ್ ತಾನೇ? ಬದನೆಕಾಯಿ ಬಿಟ್ಟುಬಿಡಪ್ಪಾ. ಕರಿದದ್ದು ಮುಟ್ಟಲೇಬೇಡ."

"ಎರಡೂ ಬಿಟ್ಟು ವರ್ಷವಾಯಿತು ಸಾರ್. ತುರಿಕೆ ಸ್ವಲ್ಪ ಕಮ್ಮಿಯಾಗಿದೆ."

"ನೋಡಿದೆಯಾ! ಹೆದರಬೇಡ, ಅದೇನು ಅಂಟುರೋಗ ಅಲ್ಲ" ಎಂದು ಧೈರ್ಯ ಬೇರೆ ಹೇಳಿದರು.

ಅನ್ನ ತಂದೆ. ಅವರು ಎಲೆಗೆ ಕೈ ಅಡ್ಡ ಹಿಡಿದರು. "ನೀನು ಬೇಡ, ಬೇರೆ ಯಾರನ್ನಾದರೂ ಕಳಿಸು."

ಹೊಟ್ಟೆ ತುಂಬಿದವರು ಸಾಕು ಅನ್ನಲು ಹಾಗೆ ಕೈ ಅಡ್ಡ ಹಿಡಿಯುತ್ತಾರೆ. ಇವರ ಎಲೆಗೆ ಇನ್ನೂ ಉಪ್ಪೂ ಬಿದ್ದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅನ್ನದ ಪಾತ್ರೆ ಕುಕ್ಕಿ ಒಳಗೆ ಹೋದೆ.

ಆಮೇಲೆ ಅವರು ಬೇರೆಯವನ ಕೈಯಿಂದ ಎರಡೆರಡು ಸಲ ಹಾಕಿಸಿಕೊಂಡು ಚಪ್ಪರಿಸಿದರಲ್ಲ, ಆ ಸಾಂಬಾರಿನ ಬದನೆಕಾಯಿಯನ್ನು ಬೆಳಿಗ್ಗೆ ಹೆಚ್ಚಿದ್ದು ಇದೇ ಕೈ.