ಬಾಗಿಲ ಹಿಂದಿನ ಜೇಬುಗಳು

ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿರುವ ಲಿಂಗಮ್ಮನ ಮನೆಗೆ ಹೋಗುವವರು ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಇಬ್ಬರು ಒಟ್ಟಿಗೆ ನುಗ್ಗಿದರೆ ಒಬ್ಬರ ಭುಜ ಗೋಡೆಯ ಸುಣ್ಣ ಒರೆಸಿಕೊಂಡೇ ಬರುತ್ತದೆ. ಹೊಸ್ತಿಲು ದಾಟಿದ ಕೂಡಲೇ ಎರಡೂವರೆ ಅಡಿ ಅಗಲದ ಸಂದಿ. ಎಡಕ್ಕೆ ಚಪ್ಪಲಿ ಗೂಡು, ಅದರ ಮೇಲೆ ಕರೆಂಟಿನ ಮೀಟರು. ಬಲಕ್ಕೆ, ತೆರೆದ ಬಾಗಿಲು ಬಂದು ಒರಗುವ ಗೋಡೆ. ಮೂರು ಹೆಜ್ಜೆ ಇಟ್ಟರೆ ನಡುಮನೆ.

ಬೇಸಿಗೆ, ಮಳೆಗಾಲ ಹೇಗೋ ಕಳೆಯುತ್ತಿದ್ದವು. ಕಾರ್ತಿಕ ಮುಗಿದು ಚಳಿ ಶುರುವಾಯಿತೆಂದರೆ ಆ ಸಂದಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂದು ಸೇರುತ್ತಿತ್ತು. ಅದರ ಮೇಲೆ ಮನುಷ್ಯರು ಕೂತದ್ದನ್ನು ಯಾರೂ ಕಂಡಿಲ್ಲ. ಗಂಡ ಮೂರ್ತಪ್ಪನ ಮಂಕಿ ಟೋಪಿ, ಆಟೊ ಓಡಿಸುವ ಮಗ ಜಯಕುಮಾರನ ಕೈಗವಸು, ಸೊಸೆ ದಿವ್ಯಶ್ರೀಯ ಮಫ್ಲರು, ಮೂರನೇ ಕ್ಲಾಸಿನ ಮೊಮ್ಮಗಳು ಮಧುಶ್ರೀಯ ಟೋಪಿ, ಎಲ್ಲರ ಕಾಲುಚೀಲ, ಎರಡು ಶಾಲು, ಹೋದ ವರ್ಷದ ಯಾರದೋ ಸ್ವೆಟರು, ಎಲ್ಲ ಅಲ್ಲೇ ಗುಡ್ಡೆ. ಬೇಕಾದ್ದು ಯಾವಾಗಲೂ ಅಡಿಯಲ್ಲೇ ಇರುತ್ತಿತ್ತು.

ಈ ಸಲ ಆ ಗುಡ್ಡೆ ಬರೀ ತಮಾಷೆಯಾಗಿ ಉಳಿಯಲಿಲ್ಲ. ದಿವ್ಯಶ್ರೀಗೆ ಶಿವಮೊಗ್ಗದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ತನ್ನದು ಎಂದು ಹೇಳಿಕೊಳ್ಳಲು ಸಿಕ್ಕ ಮೊದಲ ಕೆಲಸ. ಒಂದು ತಿಂಗಳು ನೋಡುತ್ತಾರೆ, ಆಮೇಲೆ ಕಾಯಂ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಕಂಪನಿಯ ಬಸ್ಸು ಮುಖ್ಯರಸ್ತೆಗೆ ಬರುತ್ತದೆ, ಯಾರಿಗೂ ಕಾಯುವುದಿಲ್ಲ. ಆ ತಿಂಗಳಲ್ಲಿ ಮೂರು ಸಲ ಬಸ್ಸು ತಪ್ಪಿದರೆ ನಾಲ್ಕನೆಯ ಸಲ ಬರುವುದೇ ಬೇಡ.

ಒಂಬತ್ತನೇ ದಿನ ಮೊದಲ ಸಲ ತಪ್ಪಿತು. ಮಫ್ಲರು ಸಿಗಲಿಲ್ಲ. ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಹಾಗೇ ಹೋಗಿ, ಬಸ್ಸಿನ ಕಿಟಕಿಯ ಗಾಳಿ ಕಿವಿಗೆ ಹೊಕ್ಕು, ಸಂಜೆವರೆಗೆ ಕಿವಿ ಹಿಡಿದುಕೊಂಡು ಹೊಲಿದು, ಒಂದು ರಾಶಿ ಕಾಲರು ತಲೆಕೆಳಗಾಗಿ ಕೂರಿಸಿ ಬೈಸಿಕೊಂಡಿದ್ದಳು. ಮಫ್ಲರು ಕೊನೆಗೆ ಮೂರ್ತಪ್ಪನ ಕತ್ತಿನಲ್ಲೇ ಸಿಕ್ಕಿತು. ಹಾಲು ತರಲು ಹೋಗಿದ್ದವನು ಆಗಷ್ಟೇ ಬಂದ.

“ಮಾವ, ಅದು ನಂದು!”

“ಹೌದೇನವ್ವ? ನಾನು ಕಂಡಿದ್ದನ್ನ ಸುತ್ಕೊಂಡೆ. ಆ ಕುರ್ಚಿಲಿ ನಂದು ನಿಂದು ಅಂತ ಬರ್ದಿದ್ದಾರಾ?”

ಲಿಂಗಮ್ಮ ಕುರ್ಚಿಯ ಕಡೆ ತಿರುಗಿ ನೋಡಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷ. ಆದರೆ ಇಪ್ಪತ್ತೆರಡು ವರ್ಷ ದಿನಾ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಅಡಿಕೆ ಮಂಡಿಯಲ್ಲಿ ಮೊರ ಹಿಡಿದು ಕೂತು ಅಡಿಕೆ ಆರಿಸಿದವಳು. ರಾಶಿ ಅನ್ನುವ ಜಾತಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಒಂದು ಕಡೆ. ಅವಳ ಬೆರಳು ಸೋಕಿದರೆ ಸಾಕು, ಅಡಿಕೆ ತನ್ನ ಜಾತಿ ಹೇಳುತ್ತಿತ್ತು. ಅಂಥವಳ ಮನೆಯಲ್ಲಿ ಒಂದು ಕುರ್ಚಿ ಬಟ್ಟೆ ಆರಿಸಲಾರದೆ ಸೊಸೆಯ ಕೆಲಸ ಹೋಗುವುದೇ?

ಆ ಮಧ್ಯಾಹ್ನವೇ ಕುರ್ಚಿ ಖಾಲಿ ಮಾಡಿದಳು. ಚಪ್ಪಲಿ ಗೂಡಿನ ಮೇಲೆ ಮೂರು ತಗಡಿನ ಡಬ್ಬಿ ಇಟ್ಟಳು. ಟೋಪಿಗಳೆಲ್ಲ ಒಂದರಲ್ಲಿ, ಕತ್ತಿಗೆ ಸುತ್ತುವುದೆಲ್ಲ ಒಂದರಲ್ಲಿ, ಕೈಗೂ ಕಾಲಿಗೂ ಹಾಕುವುದೆಲ್ಲ ಒಂದರಲ್ಲಿ. ಮಂಡಿಯ ಯಜಮಾನರು ಬಂದು ನೋಡಿದ್ದರೂ ತಲೆದೂಗಬೇಕು, ಹಾಗಿತ್ತು.

ಐದು ದಿನ ಚೆನ್ನಾಗಿ ನಡೆಯಿತು. ಆರನೇ ದಿನ ಮಗುವಿಗೆ ಶಾಲೆಯ ಪ್ರವಾಸ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಟರು. ಆ ಎರಡೂವರೆ ಅಡಿಯಲ್ಲಿ ನಾಲ್ಕು ಜನ ಒಂದೇ ಡಬ್ಬಿಗೆ ಕೈ ಹಾಕಿದರು. ಜಯಕುಮಾರನ ಮೊಣಕೈ ತಾಗಿ ಡಬ್ಬಿ ಉರುಳಿತು, ಇನ್ನೊಂದನ್ನೂ ಕೆಡವಿತು. ಮಧುಶ್ರೀ ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದಕ್ಕೆ ಅಳತೊಡಗಿದಳು. ದಿವ್ಯಶ್ರೀ ರಸ್ತೆ ಮುಟ್ಟುವಾಗ ಬಸ್ಸಿನ ಹಿಂದಿನ ದೀಪ ಮಂಜಿನೊಳಗೆ ಕರಗುತ್ತಿತ್ತು.

ತಿರುಗಿ ಬಂದವಳು ಹೊಸ್ತಿಲ ಮೇಲೇ ಕೂತಳು. ಹೊಸ್ತಿಲ ಮೇಲೆ ಕೂರಬೇಡ ಎಂದು ಯಾವತ್ತೂ ಗದರುವ ಲಿಂಗಮ್ಮ ಅವತ್ತು ಗದರಲಿಲ್ಲ.

“ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಚೆನ್ನಾಗೇ ಜೋಡಿಸಿದ್ರಿ. ಆದ್ರೆ ಡಬ್ಬಿ ಮುಚ್ಚಳ ತೆಗೆದ್ರೆ ಕಾಣೋದು ಎಲ್ಲಾರ ಮಫ್ಲರು. ನಂಗೆ ಎಲ್ಲಾರದ್ದು ಯಾಕೆ? ನಂದು ಒಂದು ಸಿಕ್ರೆ ಸಾಕು.”

ಲಿಂಗಮ್ಮ ಮಾತನ್ನು ಕಿವಿಗೆ ಹಾಕಿಕೊಂಡರೆ ಅದು ಅಲ್ಲೇ ಕೂತು ಕಾವು ಕೊಡುತ್ತದೆ. ರೊಟ್ಟಿ ತಟ್ಟುವಾಗಲೂ, ಪಾತ್ರೆ ತೊಳೆಯುವಾಗಲೂ ಅದೇ ಮಾತು. ಸಂಜೆ ದೀಪ ಹಚ್ಚುವಾಗ ತಟ್ಟನೆ ನಕ್ಕಳು.

“ಅಯ್ಯೋ, ನನ್ ಬುದ್ಧಿಗಿಷ್ಟು!”

“ಏನಾಯ್ತೇ ಮಾರಾಯ್ತಿ?” ಎಂದ ಮೂರ್ತಪ್ಪ.

“ರೀ, ಮಂಡಿಲಿ ಹೊಳಲೂರಿನವರ ರಾಶಿ, ಕುಂಸಿಯವರ ರಾಶಿ, ಎರಡೂ ರಾಶಿನೇ ಅಲ್ವಾ? ಆದ್ರೂ ಒಂದೇ ಚೀಲಕ್ಕೆ ಸುರಿದವಳು ಅವತ್ತೇ ಮನೆಗೆ. ಮೊದ್ಲು ಅಡಿಕೆ ಯಾರದ್ದು ಅಂತ ನೋಡ್ಬೇಕು, ಆಮೇಲೆ ಜಾತಿ. ನಾನು ಎಲ್ಲಾರ ಅಡಿಕೆನೂ ಬೆರೆಸಿಬಿಟ್ಟು, ಎಷ್ಟು ಚೆಂದ ಆರಿಸಿದೆ ಅಂತ ಬೀಗ್ತಾ ಕೂತಿದ್ದೆ!”

ಜಾಗ ಎಲ್ಲಿ ಎಂಬುದೇ ಉಳಿದ ಪ್ರಶ್ನೆ. ಗೋಡೆ ಹಳೆಯ ಮಣ್ಣಿನದು, ಮೊಳೆ ಹೊಡೆದರೆ ಮೊಳೆಯ ಜೊತೆ ಒಂದು ಬೊಗಸೆ ಗೋಡೆಯೂ ಬರುತ್ತದೆ. ಲಿಂಗಮ್ಮ ಬಾಗಿಲನ್ನು ಪೂರ್ತಿ ತೆರೆದು, ಅದಕ್ಕೂ ಗೋಡೆಗೂ ನಡುವೆ ಕೈ ತೂರಿಸಿದಳು. ಮೂರು ಬೆರಳಿನಷ್ಟು ಸಂದು. ಮಡಚಿದ ಉಣ್ಣೆಗೆ ಅಷ್ಟು ಸಾಕು.

ಮೂರ್ತಪ್ಪ ಎದ್ದೇ ಬಂದ. “ಲಕ್ಷ್ಮಿ ಬರೋ ಬಾಗಿಲು ಕಣೇ ಅದು! ಅದಕ್ಕೆ ಕಾಲುಚೀಲ ನೇತು ಹಾಕ್ತೀಯಾ?”

ಈ ಮಾತಿಗೆ ಅವಳು ನಿಂತಳು. ತಾನೇ ದಿನಾ ಅರಿಶಿನ ಕುಂಕುಮ ಇಡುವ ಬಾಗಿಲು. ಆಮೇಲೆ ನಿಧಾನವಾಗಿ ಹೇಳಿದಳು, “ನೀವನ್ನೋದೂ ಸರಿ. ತಲೆದು, ಕತ್ತಿಂದು, ಕೈದು ಬಾಗಿಲಿಗೆ. ಕಾಲಿಂದು ಅವರವರ ಬೂಟಿನೊಳಗೇ ಇರ್ಲಿ. ಲಕ್ಷ್ಮಿಗೂ ಚಳಿ ಆದೀತು ರೀ, ಬಂದ್ರೆ ಒಂದು ಶಾಲು ಎತ್ಕೊಳ್ಲಿ.”

ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಗೋಣಿ ಹೊಲಿಯುವ ದಬ್ಬಳ ತೆಗೆದಳು. ಕೈಹೊಲಿಗೆಯಲ್ಲೇ ನಾಲ್ಕು ಉದ್ದನೆಯ ಜೇಬು ಎದ್ದವು, ಮೇಲಿನಿಂದ ಕೆಳಕ್ಕೆ. ಮೂರ್ತಪ್ಪನದು ಎಲ್ಲಕ್ಕಿಂತ ಮೇಲೆ, ಅವನ ಸೊಂಟ ಬಗ್ಗುವುದಿಲ್ಲ. ಅದರ ಕೆಳಗೆ ಜಯಕುಮಾರನದು, ಅದರ ಕೆಳಗೆ ದಿವ್ಯಶ್ರೀಯದು. ಮಧುಶ್ರೀಯದು ಅವಳ ಎದೆಮಟ್ಟಕ್ಕೆ. ಮೂರ್ತಪ್ಪನ ಜೇಬಿನ ಬಾಯಿಗೆ ಗೋಣಿಯ ಪಟ್ಟಿ, ಜಯಕುಮಾರನದಕ್ಕೆ ಹುರಿಯ ಗಂಟು, ದಿವ್ಯಶ್ರೀಯದಕ್ಕೆ ಜರಿಯ ಅಂಚು, ಮಗುವಿನದಕ್ಕೆ ಎರಡು ದೊಡ್ಡ ಗುಂಡಿ. ಮೇಲ್ತುದಿಗೆ ಅಡಿಕೆ ಮರ ಸೀಳಿದ ದಬ್ಬೆಯೊಂದನ್ನು ತೂರಿಸಿ, ಬಾಗಿಲ ಒಳಮೈಗೆ ಎರಡು ಮೊಳೆ ಹೊಡೆದು ನೇತುಹಾಕಿದಳು.

“ಇದೇನಮ್ಮ, ಪೋಸ್ಟಾಫೀಸಾ?” ಎಂದು ಜಯಕುಮಾರ ನಕ್ಕ. ಮರುದಿನ ಕೈಗವಸನ್ನು ಮುದ್ದೆ ಮಾಡಿ ತುರುಕಿದ. ಬಾಗಿಲು ಗೋಡೆಗೆ ಒರಗದೆ ಚಿಮ್ಮಿ ಬಂದು ಅವನ ಮೂಗಿಗೇ ಬಡಿಯಿತು.

“ಮಡಚಿ ಇಡದವರಿಗೆ ಬಾಗಿಲೇ ಬುದ್ಧಿ ಹೇಳುತ್ತೆ,” ಎಂದಳು ಲಿಂಗಮ್ಮ, ಒಲೆಯ ಮುಂದಿನಿಂದಲೇ.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ಕರೆಂಟು ಹೋಯಿತು. ಮನೆಯೊಳಗೆ ಕಗ್ಗತ್ತಲು. ನಡುಮನೆಯಲ್ಲಿ ಯಾರೋ ತಂಬಿಗೆ ಎಡವಿದರು, ಮಗು ಕಿರುಚಿತು, ಜಯಕುಮಾರ ಮೊಬೈಲು ಹುಡುಕತೊಡಗಿದ.

“ಅತ್ತೆ!” ಎಂದು ಕೂಗಿದಳು ದಿವ್ಯಶ್ರೀ. “ಇವತ್ತು ತಪ್ಪಿದ್ರೆ ಮೂರನೇದು.”

“ದೀಪ ಯಾಕೆ ಮಗಳೇ? ಕೈ ಇದೆಯಲ್ಲ. ಬಾಗಿಲು ಮುಟ್ಟು. ಗೋಣಿ ಬಿಡು, ಗಂಟು ಬಿಡು. ನುಣ್ಣಗೆ ಜರಿ ಸಿಕ್ತಾ?”

“ಸಿಕ್ತು!”

“ನಿಂದೇ ಅದು. ಮಫ್ಲರು ಮೇಲಿದೆ, ಕೈಗವಸು ಕೆಳಗಿದೆ. ಕಾಲಿಂದು ನಿನ್ನ ಬೂಟಲ್ಲಿ.”

ಒಂದು ಸಲ ಬಟ್ಟೆ ಸರ್ರೆಂದಿತು, ಬೂಟು ಎರಡು ಸಲ ನೆಲಕ್ಕೆ ಬಡಿಯಿತು, ಬಾಗಿಲು ತೆರೆದು ಗೋಡೆಗೆ ಸದ್ದಿಲ್ಲದೆ ಒರಗಿತು. ಸೊಸೆ ಹೊರಗಿದ್ದಳು. ಇಷ್ಟಾಗುವಷ್ಟರಲ್ಲಿ ಜಯಕುಮಾರನಿಗೆ ಮೊಬೈಲು ಇನ್ನೂ ಸಿಕ್ಕಿರಲಿಲ್ಲ.

ಲಿಂಗಮ್ಮನಿಗೆ ಒಳಗೆ ನಿಲ್ಲಲಾಗಲಿಲ್ಲ. ಸೆರಗು ಹೊದ್ದು ಹಿಂದೆಯೇ ಹೆಜ್ಜೆ ಹಾಕಿದಳು. ರಸ್ತೆ ತಲುಪಿದಳು. ಮಂಜಿನಲ್ಲಿ ಮೊದಲು ಕಂಡದ್ದು ಕೆಂಪು ಮಫ್ಲರು, ಆಮೇಲೆ ಅದನ್ನು ಸುತ್ತಿಕೊಂಡ ದಿವ್ಯಶ್ರೀ. ಅವಳು ಆರಾಮವಾಗಿ ನಿಂತಿದ್ದಳು. ಬಸ್ಸೇ ಇನ್ನೂ ಬಂದಿರಲಿಲ್ಲ.

“ಅಯ್ಯೋ ಅತ್ತೆ, ಇಷ್ಟು ಚಳಿಲಿ ಯಾಕೆ ಬಂದ್ರಿ?”

“ಬಸ್ಸಿಗೆ ಎರಡು ಮಾತು ಬೈಯೋಣ ಅಂತ. ಟೈಮಿಗೆ ಬರಕ್ಕಾಗಲ್ವಾ ಅದಕ್ಕೆ?”

ಇಬ್ಬರೂ ನಗುತ್ತಿರುವಾಗಲೇ ದೀಪ ಕಂಡಿತು. ಬಸ್ಸಿನ ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು, “ಏನ್ ದಿವ್ಯಕ್ಕ, ಇವತ್ತು ನೀನೇ ಫಸ್ಟು!” ಎಂದಳು. ದಿವ್ಯಶ್ರೀ ಹತ್ತಿ, ಕಿಟಕಿಯಿಂದ ಕೈ ಬೀಸಿದಳು.

ಮೂರನೇ ದಿನ ಸಂಜೆ ಅವಳು ಬಂದದ್ದು ಓಡಿಕೊಂಡೇ. ಕುತ್ತಿಗೆಯಲ್ಲಿ ಫೋಟೊ ಇರುವ ಹೊಸ ಕಾರ್ಡು ನೇತಾಡುತ್ತಿತ್ತು. ಕಾಯಂ ಆಗಿತ್ತು. ಲಿಂಗಮ್ಮನಿಗೆ ಅದರಲ್ಲಿನ ಇಂಗ್ಲಿಷು ಓದಲು ಬರುವುದಿಲ್ಲ. ಆದರೂ ಕಾರ್ಡನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿ ನೋಡಿದಳು. ಆಮೇಲೆ ಸೊಸೆಯ ಕೈ ಹಿಡಿದು, “ನಡಿ, ಪಕ್ಕದ್ಮನೆ ಯಶೋಧರಾಗೆ ಮೊದ್ಲು ತೋರ್ಸೋಣ. ಹೋದ ವಾರ ನನ್ನ ಬಾಗಿಲು ನೋಡಿ ಕಿಸಕ್ಕಂತ ನಕ್ಕಿದ್ಳು ಅವಳು,” ಎಂದು ಬೀದಿಗೆ ಇಳಿದಳು. ಆ ಬೀದಿಯ ಹದಿನಾಲ್ಕು ಮನೆಯಲ್ಲಿ ಒಂದನ್ನೂ ಬಿಡಲಿಲ್ಲ.